ಹುರುಪೆ ಎಣಿಸದೆ ಮ್ಯಾಪ್ ಮಾಡಕ್ಕಾಗಲ್ಲ

ಆರಿದ್ರಾ ಮಳೆ ಹಿಡೀತು ಅಂದ್ರೆ ನನ್ನ ಫೋನಿಗೆ ಫೋಟೋ ಬರಕ್ಕೆ ಶುರು. ಬಚ್ಚಲಲ್ಲಿ ಸಿಕ್ತು ಸರ್, ಇದು ನಾಗರಹಾವಿನ ಮರಿನಾ ಅಂತ. ಹೋದ ಮಳೆಗಾಲ ತೀರ್ಥಹಳ್ಳಿ ಕಡೆ ಒಂದು ತೋಟದ ಮನೆಲಿ ಅಜ್ಜಿ ಒಬ್ರು ಹಾರ್ಲಿಕ್ಸ್ ಬಾಟ್ಲಿಗೆ ಒದ್ದೆ ಮಣ್ಣು ಹಾಕಿ ಒಂದನ್ನ ಇಟ್ಕೊಂಡಿದ್ರು. "ಎಂತ ಮಾರಾಯ್ರೆ ಇದು, ಎರೆಹುಳ ಅನ್ನಣ ಅಂದ್ರೆ ನಾಲಗೆ ಚಾಚ್ತದೆ" ಅಂದ್ರು. ಸರಿಯಾದ ಗುರುತನ್ನೇ ನೋಡಿದ್ರು ಅವರು. ಅದು ಕುರುಡು ಹಾವು, ವಿಷ ಇಲ್ಲ, ಇರುವೆ ಗೆದ್ದಲಿನ ಮೊಟ್ಟೆ ಮರಿ ತಿನ್ಕೊಂಡಿರತ್ತೆ.

ಕುರುಡು ಹಾವು ಅನ್ನೋದು ಸುಲಭ, ಯಾವ ಕುರುಡು ಹಾವು ಅನ್ನೋದು ಕಷ್ಟ. ಹೊಟ್ಟೆ ಕಡೆ ಬೇರೆ ಹಾವಿಗಿರೋ ಅಗಲ ಪಟ್ಟಿ ಇದಕ್ಕಿಲ್ಲ, ಸುತ್ತಲೂ ಒಂದೇ ಅಳತೆ ಹುರುಪೆ, ಅದನ್ನ ಲೆನ್ಸ್ ಹಿಡ್ಕೊಂಡು ಮೈ ಮಧ್ಯದಲ್ಲಿ ಒಂದು ಸುತ್ತು ಎಣಿಸ್ಬೇಕು. ಹೂಕುಂಡದಲ್ಲಿ ಸಿಗೋ ಜಾತಿ, ಬ್ರಾಮಿನಸ್‌ಗೆ 20 ಸಾಲು, ಪಶ್ಚಿಮ ಘಟ್ಟದ ಬೆಡ್ಡೋಮಿಗೆ 18, ಕೊಕ್ಕಿನ ಹಾಗೆ ಮೂತಿ ಬಾಗಿರೋ ಅಕ್ಯೂಟಸ್‌ಗೆ 24ರಿಂದ ಮೇಲೆ. ಆಮೇಲೆ ಮುಖದ ಪಕ್ಕ ನೋಡ್ಬೇಕು. ಬ್ರಾಮಿನಸ್‌ನಲ್ಲಿ ಮೂಗಿನ ಹೊಳ್ಳೆಯಿಂದ ಹೊರಡೋ ಗೆರೆ ಕಣ್ಣಿನ ಮುಂದಿನ ಹುರುಪೆಗೆ ಹೋಗಿ ತಾಗತ್ತೆ, ಬೇರೆ ಬಹಳಷ್ಟು ಜಾತಿಲಿ ಮೇಲ್ತುಟಿಯ ಎರಡನೇ ಹುರುಪೆಗೆ. ಸಾಸಿವೆ ಕಾಳಿಗಿಂತ ಸಣ್ಣ ಜಾಗದಲ್ಲಿ ಒಂದು ಗೆರೆ ಎಲ್ಲಿ ಸೇರತ್ತೆ ಅನ್ನೋದ್ರ ಮೇಲೆ ಹೆಸರು ನಿಂತಿದೆ. ಇದೂ ಸಾಲ್ದಾಗ ಒಳಗಿನ ಅಂಗ. ಹೃದಯ, ಪಿತ್ತಜನಕಾಂಗ, ಶ್ವಾಸಕೋಶ ಮೈಯುದ್ದದ ಶೇಕಡಾ ಎಷ್ಟರಲ್ಲಿ ಶುರುವಾಗತ್ತೆ ಅಂತ ಅಳೀತಾರೆ, ಈಗ ಮೈಕ್ರೋ ಸಿಟಿ ಸ್ಕ್ಯಾನ್ ಬಂದಮೇಲೆ ತಲೆಬುರುಡೆಯನ್ನ ಕೊಯ್ಯದೇ ನೋಡ್ಬಹುದು.

ಇಷ್ಟಾದ ಮೇಲೆ ಮ್ಯಾಪ್, ಅಂದ್ರೆ ಯಾವ ಜಾತಿ ಎಲ್ಲೆಲ್ಲಿ ಇರ್ಬಹುದು ಅಂತ ತೋರಿಸೋ ನಕ್ಷೆ. ಮ್ಯಾಕ್ಸೆಂಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ಹಾವು ಸಿಕ್ಕ ಜಾಗದ ಮಳೆ, ಬಿಸಿಲು, ಎತ್ತರ ಎಲ್ಲ ಕೊಟ್ರೆ ಅಂಥದೇ ಜಾಗ ಇನ್ನೆಲ್ಲಿದೆ ಅಂತ ಸುಮಾರು ಒಂದು ಕಿಲೋಮೀಟರ್ ಚೌಕಗಳಲ್ಲಿ ಬಣ್ಣ ಹಚ್ಚಿ ತೋರಿಸತ್ತೆ. ನಮ್ಮ ಕಡೆಗೆ ಇದು ತುಂಬ ಉಪಯೋಗ, ಯಾಕಂದ್ರೆ ಶಿವಮೊಗ್ಗ ಪೇಟೆಲಿ ಮಳೆ ವರ್ಷಕ್ಕೆ 1,000 ಮಿಲಿಮೀಟರ್ ಆಚೀಚೆ, ಆಗುಂಬೆಲಿ 7,000ದ ಹತ್ರ, ಮಧ್ಯೆ ಇರೋದು ಬಸ್ಸಲ್ಲಿ ಎರಡ್ಮೂರು ಗಂಟೆ ದಾರಿ ಅಷ್ಟೆ. ಆದ್ರೆ ಹಾವಿರೋದು ಮಣ್ಣಿನೊಳಗೆ, ನಾವು ಕೊಡ್ತಿರೋದು ಮೇಲಿನ ಗಾಳಿಯ ಉಷ್ಣಾಂಶ. ದರಗು ಹಾಸಿದ ತೋಟದ ಬುಡಕ್ಕೂ ಪಕ್ಕದ ಬೋಳು ಗುಡ್ಡಕ್ಕೂ ಕಂಪ್ಯೂಟರ್ ವ್ಯತ್ಯಾಸ ಮಾಡಲ್ಲ, ಒಂದೇ ಚೌಕ. ಅದಕ್ಕೇ ಬಣ್ಣ ಬಂದ ಜಾಗಕ್ಕೆ ಹಾರೆ ಹಿಡ್ಕೊಂಡು ಹೋಗದೇ ಇದ್ರೆ ಆ ಮ್ಯಾಪ್ ಬರೀ ಊಹೆ.

ನಾನೇ ಒಂದ್ಸಲ ಮೇಲಿಂದ ತೆಗೆದ ಫೋಟೋ ನಂಬಿ ಅಕ್ಯೂಟಸ್ ಮರಿಯನ್ನ ಬ್ರಾಮಿನಸ್ ಅಂತ ಬರ್ಕೊಂಡಿದ್ದೆ. ಕೊಕ್ಕು ಪಕ್ಕದಿಂದ ಮಾತ್ರ ಕಾಣತ್ತೆ. ದಾಖಲೆ ಕಮ್ಮಿ ಇರೋ ಜಾತಿಗೆ ಇಂಥ ಒಂದು ತಪ್ಪು ಚುಕ್ಕಿ ಸಾಕು, ಬಯಲುಸೀಮೆ ಕಡೆ ಬಣ್ಣ ಪೂರ್ತಿ ಬದಲಾಗಿಹೋಯ್ತು. ಆಮೇಲೆ ಎಲ್ಲ ಫೋಟೋ ಮತ್ತೆ ನೋಡಿ, ಹುರುಪೆ ಎಣಿಸಕ್ಕೆ ಬರದೇ ಇದ್ದದ್ದನ್ನ ಪಟ್ಟಿಯಿಂದಲೇ ತೆಗ್ದೆ. ಚುಕ್ಕಿ ಅರ್ಧಕ್ಕರ್ಧ ಹೋದ್ರೂ ಪರ್ವಾಗಿಲ್ಲ, ಉಳಿದದ್ದು ನಿಜ ಇರ್ಬೇಕು.

ಬ್ರಾಮಿನಸ್ ವಿಷಯ ಇನ್ನೂ ಬೇರೆ. ಎಲ್ಲವೂ ಹೆಣ್ಣೇ, ಗಂಡಿಲ್ಲದೇ ಮೊಟ್ಟೆ ಇಡತ್ತೆ, ಮಣ್ಣಲ್ಲಿ ಒಂದು ಹೋದ್ರೂ ಹೊಸ ಊರಲ್ಲಿ ಸಂಸಾರ ಶುರು, ಹಂಗೇ ಕುಂಡಗಳ ಜೊತೆ ಪ್ರಪಂಚ ಎಲ್ಲ ಸುತ್ತಿದೆ. ಹಾಗಾಗಿ ಅದು ಸಿಕ್ಕ ಜಾಗ ಅದಕ್ಕೆ ಹೊಂದೋ ಜಾಗ ಅಂತ ಹೇಳಕ್ಕಾಗಲ್ಲ, ಮನುಷ್ಯ ತಂದಿಟ್ಟ ಜಾಗ ಇರ್ಬಹುದು.

ಅಜ್ಜಿ ಬಾಟ್ಲಿ ಹಾವು ಗೇಣುದ್ದವೂ ಇರ್ಲಿಲ್ಲ, ಹಿಡಿದ್ರೆ ಬಾಲದ ತುದಿಯ ಸಣ್ಣ ಮುಳ್ಳನ್ನ ಬೆರಳಿಗೆ ಒತ್ತೋದು, ಚುಚ್ಚಲ್ಲ. ಎರಡು ಸಲ ಎಣಿಸ್ದೆ, 20. ಎಲ್ಲಿ ಸಿಕ್ತು ಅಂದೆ. ಅಂಗಳದ ದಾಸವಾಳದ ಬುಡ ತೋರಿಸಿದ್ರು. ಗಿಡ ಎಲ್ಲಿದು ಅಂದ್ರೆ, "ಮಗ ಶಿವಮೊಗ್ಗದ ನರ್ಸರಿಯಿಂದ ತಂದಿದ್ದು."