ಹಿಮಾಲಯದಲ್ಲಿ ಜ್ವಾಲಾಮುಖಿ ಯಾಕಿಲ್ಲ?

ಕಲಬುರಗಿ, ವಿಜಯಪುರ ಕಡೆ ನೆಲ ಸ್ವಲ್ಪ ಅದುರಿದರೆ ಸಾಕು, ನನಗೆ ಫೋನ್ ಬರುತ್ತದೆ. "ಸರ್, ನಮ್ಮದು ಕಪ್ಪು ಕಲ್ಲಿನ ನೆಲ. ಒಳಗೆ ಗುಡುಗುಡು ಅಂತಿದೆ. ಜ್ವಾಲಾಮುಖಿ ಏಳುತ್ತಾ?" ಬೋರ್‌ವೆಲ್ ಪಾಯಿಂಟ್ ತೋರಿಸಿದವನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು ಅವರು, ಪಾಪ. ಏಳುವುದಿಲ್ಲ. ಆ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಅದನ್ನು ಉಕ್ಕಿಸಿದ ಬಿಸಿ ತಾಣವನ್ನು ಬಿಟ್ಟು ನಮ್ಮ ಭೂಫಲಕ (ಪ್ಲೇಟು, ಅಂದರೆ ಭೂಮಿಯ ಹೊರಪದರದ ಸರಿದಾಡುವ ದೊಡ್ಡ ತುಂಡು) ಉತ್ತರಕ್ಕೆ ಸರಿದು ಬಂದಿದೆ. ಆ ತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ.

ಇಷ್ಟನ್ನು ಜನ ನಂಬುತ್ತಾರೆ. ಆಮೇಲೆ ಬರುವ ಮಾತು ನನ್ನ ತಲೆ ಕೆಡಿಸುತ್ತದೆ. "ಹೌದು ಬಿಡಿ, ನಾವು ಪ್ಲೇಟಿನ ಅಂಚಿನಲ್ಲಿಲ್ಲ. ಅಂಚು ಅಂದ್ರೆ ಬಿರುಕು, ಅಲ್ಲಿಂದ ಲಾವಾ ಸೋರುತ್ತೆ ಅಲ್ವಾ?" ಹಾಗಿದ್ದರೆ ಹಿಮಾಲಯದ ಉದ್ದಕ್ಕೂ ಬೆಂಕಿ ಕಾರಬೇಕಿತ್ತು. ಅದೂ ಅಂಚೇ.

ಕೆಳಗೆ ಲಾವಾದ ಕೆರೆ ಇಲ್ಲ. ಇರುವುದು ಗಟ್ಟಿ ಕಲ್ಲು. ಬಿಸಿ ಸಾಕಷ್ಟಿದೆ, ಆದರೆ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಫಲಕಗಳು ದೂರ ಸರಿಯುತ್ತವೆ, ಕೆಳಗಿನ ಕಲ್ಲು ಮೇಲೇರುತ್ತದೆ, ಒತ್ತಡ ಇಳಿದು ಕರಗುತ್ತದೆ. ಅದು ಸುಲಭದ ಲೆಕ್ಕ. ಜನ ತಪ್ಪುವುದು ಒಂದು ಫಲಕ ಇನ್ನೊಂದರ ಅಡಿಗೆ ಹೋಗುವ ಕಡೆ. ತಿಕ್ಕಾಟದ ಬಿಸಿಗೆ ಕಲ್ಲು ಕರಗುತ್ತದೆ ಅಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ಕೆಲಸ ಮಾಡುವುದು ನೀರು!

ಅಂಡಮಾನ್ ನೋಡಿ. ನಮ್ಮದೇ ಫಲಕದ ಸಮುದ್ರತಳ ಅಲ್ಲಿ ಬರ್ಮಾ ಫಲಕದ ಅಡಿಗೆ ಜಾರುತ್ತಿದೆ. ಆ ಕಲ್ಲಿನ ಖನಿಜಗಳಲ್ಲೇ ನೀರು ಸೇರಿಕೊಂಡಿದೆ. ಸುಮಾರು 100 ಕಿ.ಮೀ. ಆಳಕ್ಕೆ ಹೋಗುವಾಗ ಆ ನೀರು ಬಿಟ್ಟುಕೊಂಡು ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ಒಣ ಬೆಲ್ಲವನ್ನು ಬಾಣಲೆಗೆ ಹಾಕಿ ನೋಡಿ, ಸತಾಯಿಸುತ್ತದೆ. ಒಂದು ಚಮಚ ನೀರು ಬಿಟ್ಟರೆ ಬೇಗ ಪಾಕವಾಗುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಗುಟ್ಟು ಅಲ್ಲಿದೆ: ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಬಹುಮಟ್ಟಿಗೆ ಕರಗುವುದು ಕೆಳಗೆ ಹೋದ ಫಲಕವಲ್ಲ, ಅದರ ಮೇಲಿನ ಕಲ್ಲು. ಹಾಗಾಗಿ ಅಂಚು ಅಂಡಮಾನಿನ ಪಶ್ಚಿಮಕ್ಕಿದ್ದರೂ ಜ್ವಾಲಾಮುಖಿ ಇರುವುದು ಪೂರ್ವಕ್ಕೆ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪದಲ್ಲಿ. ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಎದ್ದಿತು. ಆಮೇಲೂ ಆಗಾಗ ಉಗುಳುತ್ತಿದೆ.

ಹಿಮಾಲಯದಲ್ಲಿ ಈಗ ಅಡಿಗೆ ಹೋಗಲು ಸಮುದ್ರತಳವೇ ಉಳಿದಿಲ್ಲ. ಖಂಡಕ್ಕೆ ಖಂಡ ಗುದ್ದಿದೆ. ಭೂಕಂಪಕ್ಕೇನೂ ಕೊರತೆಯಿಲ್ಲ, ನೀರು ಇಳಿಸುವ ಏರ್ಪಾಡು ಮಾತ್ರ ನಿಂತಿದೆ. ಹಿಂದೆ ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಅನ್ನುವ ಸಮುದ್ರ ಇದ್ದಾಗ ಅಲ್ಲೂ ಜ್ವಾಲಾಮುಖಿಗಳಿದ್ದವು. ನಮ್ಮ ಹುಡುಗರು ಬೈಕಿನಲ್ಲಿ ಲೇಹ್‌ಗೆ ಹೋಗಿ ಫೋಟೋ ಹಾಕುತ್ತಾರಲ್ಲ, ಹಿಂದೆ ಕಾಣುವ ಬೂದು ಗ್ರಾನೈಟ್ ಅವುಗಳ ಅಡಿಯಲ್ಲಿ ಹೆಪ್ಪುಗಟ್ಟಿದ ಶಿಲಾರಸ. ಯಾರೂ ಆ ಕಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ.

"ಮತ್ತೆ ಹಿಮಾಚಲದ ಮಣಿಕರಣ್‌ನಲ್ಲಿ ಬಿಸಿನೀರಲ್ಲಿ ಅಕ್ಕಿ ಬೇಯಿಸ್ತಾರಲ್ಲ ಸರ್?" ಮಳೆ, ಹಿಮದ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು ಮೇಲೆ ಬರುತ್ತದೆ. ಅದಕ್ಕೆ ಜ್ವಾಲಾಮುಖಿ ಬೇಕಿಲ್ಲ.