ಗೇಜ್ ನೋಡುವ ಮೊದಲು ಸಿಲಿಂಡರಿನ ಭುಜ ನೋಡಿ

ನೇತ್ರಾಣಿಯಲ್ಲಾಗಲಿ ಅಂಡಮಾನಿನಲ್ಲಾಗಲಿ, ಸ್ಕೂಬಾ ಡೈವಿಂಗಿಗೆ ಬಂದವರು ಗಾಳಿ ಎಷ್ಟಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘200 ಬಾರ್’. ಅದು ಒತ್ತಡದ ಲೆಕ್ಕ. ಸಿಲಿಂಡರಿನ ಒಳಗಾತ್ರದಿಂದ ಅದನ್ನು ಗುಣಿಸಿದಾಗಲೇ ಗಾಳಿಯ ಅಂದಾಜು ಲೆಕ್ಕ ಸಿಗುತ್ತದೆ. ‘ಅಲ್ಯೂಮಿನಿಯಂ 80’ ಸಿಲಿಂಡರಿನ ಒಳಗಾತ್ರ ಸುಮಾರು 11.1 ಲೀಟರ್, ನಿಗದಿತ ಒತ್ತಡ 207 ಬಾರ್. ಹೆಸರಿನಲ್ಲಿ 80 ಘನ ಅಡಿ ಇದ್ದರೂ ಅದು ಹಿಡಿಯುವುದು 77ರ ಆಸುಪಾಸು, ಎಂದರೆ ಸುಮಾರು 2,200 ಲೀಟರ್ ಗಾಳಿ. ಯುರೋಪಿನಲ್ಲಿ ಬಳಕೆಯಲ್ಲಿರುವ 12 ಲೀಟರಿನ, 232 ಬಾರ್ ಉಕ್ಕಿನ ಸಿಲಿಂಡರ್ ಇದಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ಖಾಲಿಯಾಗುತ್ತ ಬಂದಾಗ ಅಲ್ಯೂಮಿನಿಯಂನಷ್ಟು ತೇಲಿ ಡೈವ್ ಮಾಡುವವರನ್ನು ಮೇಲಕ್ಕೆ ಎಳೆಯುವುದೂ ಇಲ್ಲ.

ಗಾಳಿ ತುಂಬುವವರು ಹೋಸ್ ಜೋಡಿಸುವ ಮೊದಲು ಸಿಲಿಂಡರಿನ ಭುಜದ (ಕತ್ತಿನ ಕೆಳಗಿನ ಬಾಗಿದ ಭಾಗದ) ಮೇಲೆ ಒತ್ತಿರುವ ಅಕ್ಷರಗಳನ್ನು ಓದಲೇಬೇಕು. ನಿಗದಿತ ಒತ್ತಡ, ಜಲಒತ್ತಡ ಪರೀಕ್ಷೆಯ ದಿನಾಂಕ ಅಲ್ಲಿವೆ; ಮಿಶ್ರಲೋಹ, ಕತ್ತಿನ ಮರೆ (ವಾಲ್ವ್ ತಿರುಗಿಸಿ ಕೂರಿಸುವ ಸುರುಳಿ ಗೆರೆ) ಇವುಗಳ ಗುರುತೂ ಹಲವು ಸಿಲಿಂಡರುಗಳಲ್ಲಿ ಅಲ್ಲೇ ಇರುತ್ತದೆ. 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಳೆಯ ಸಿಲಿಂಡರುಗಳ ಕತ್ತಿನಲ್ಲಿ ಬಿರುಕು ಬಿಟ್ಟು ಸ್ಫೋಟವಾದ ಪ್ರಕರಣಗಳಿರುವುದರಿಂದ ಅಂಥವನ್ನು ತುಂಬದಿರುವುದೇ ಸರಿ ಎಂಬುದು ನನ್ನ ನಿಲುವು. ಮರೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು: ಮುಕ್ಕಾಲು ಇಂಚಿನ ಮರೆಯ ಕತ್ತಿಗೆ ಎಂ25 (25 ಮಿಲಿಮೀಟರ್ ಮರೆಯ) ವಾಲ್ವನ್ನು ತಿರುಗಿಸಿದರೆ ಅದು ಕೂತಂತೆಯೇ ಕಾಣುತ್ತದೆ, ಆದರೆ ಮರೆಗಳ ಹಿಡಿತ ಸಾಲದೆ ಒತ್ತಡ ಏರಿದಾಗ ಗುಂಡಿನಂತೆ ಹಾರಿಹೋಗಬಹುದು.

ತುಂಬುವ ವೇಗದಲ್ಲಿ ಅವಸರ ಸಲ್ಲದು. ಒತ್ತಡ ನಿಮಿಷಕ್ಕೆ 20ರಿಂದ 40 ಬಾರ್‌ನಂತೆ ಏರುವುದು ಸಾಮಾನ್ಯ ರೂಢಿ. ಅದನ್ನು ಮೀರಿದರೆ ಸಿಲಿಂಡರ್ ಬಿಸಿಯಾಗಿ ಗೇಜ್ ನಮಗೆ ಸುಳ್ಳು ಭರವಸೆ ಕೊಡುತ್ತದೆ. 55 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ 28 ಡಿಗ್ರಿಗೆ ಇಳಿದಾಗ ಸುಮಾರು 183 ಬಾರ್‌ಗೆ ಬರುತ್ತದೆ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಮೂರು ಪಟ್ಟು ಒತ್ತಡವಿರುವ 20 ಮೀಟರ್ ಆಳದಲ್ಲಿ 60 ಲೀಟರ್ ಬಳಸುತ್ತಾರಾದ್ದರಿಂದ, 11.1 ಲೀಟರಿನ ಸಿಲಿಂಡರಿನಲ್ಲಿ ಹೀಗೆ ಕಡಿಮೆಯಾದದ್ದು ಅವರ ಮೂರು ನಿಮಿಷಗಳ ಉಸಿರು. ಈ ಕೊರತೆ ತುಂಬಲೆಂದು ನಿಗದಿತ ಒತ್ತಡ ಮೀರಿ ತುಂಬುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ತಣಿದ ಮೇಲೆ ನಿಗದಿತ ಮಟ್ಟದವರೆಗೆ ಮತ್ತೆ ತುಂಬಬೇಕು.

ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಎಂಜಿನ್ನಿನ ಹೊಗೆಯಿಂದ ದೂರವಿರಬೇಕು, ಗಾಳಿ ಬೀಸುವ ದಿಕ್ಕು ಬದಲಾದಾಗ ಅದನ್ನೂ ಸರಿಸಬೇಕು. ಒಳಸೇರಿದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಆಳದಲ್ಲಿ ಅದರ ಪರಿಣಾಮ ಹೆಚ್ಚುತ್ತದೆ. ಡೈವ್ ಮುಗಿಸುವವರು ಸಿಲಿಂಡರನ್ನು ಪೂರ್ತಿ ಬರಿದು ಮಾಡದೆ ಒಂದಿಷ್ಟು ಒತ್ತಡ ಉಳಿಸಿ ಹಿಂದಿರುಗಿಸಬೇಕು. ಇಲ್ಲವಾದರೆ ವಾಲ್ವಿನ ಮೂಲಕ ಒಳನುಗ್ಗುವ ಉಪ್ಪುನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಮುಚ್ಚಿದ ಸಿಲಿಂಡರಿನೊಳಗಿನ ಆಮ್ಲಜನಕವನ್ನೇ ಕಬಳಿಸುತ್ತದೆ.