ಜೋರಾಗಿ ಕೇಳಿದರೆ ಹತ್ತಿರವೆಂದಲ್ಲ

"ಸಾರ್, ಎಷ್ಟು ಜೋರಾಗಿದೆ ನೋಡಿ, ಇಲ್ಲೇ ಎಲ್ಲೋ ಇರಬೇಕು." ಚಿತ್ರದುರ್ಗದಿಂದ ನನ್ನಲ್ಲಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪಾಠಕ್ಕೆ ಬರುವ ಹುಡುಗ ಮೊಬೈಲ್ ಮುಂದೆ ಹಿಡಿದ. ರಾತ್ರಿ ಶಾರ್ಟ್‌ವೇವ್‌ನಲ್ಲಿ ಸಿಕ್ಕಿದ್ದು: ಗೊತ್ತಿಲ್ಲದ ಭಾಷೆ, ನಡುವೆ ಮಿಲಿಟರಿ ಬ್ಯಾಂಡು. ಯುದ್ಧಪ್ರಚಾರವೇ ಇರಬೇಕೆಂದು ಅವನ ಊಹೆ. ನಾನು ಗಮನಿಸಿದ್ದು ಬೇರೆ. ದನಿ ಅಲೆಅಲೆಯಾಗಿ ಏರಿ ಇಳಿಯುತ್ತಿತ್ತು. ಮೇಲಿನ ವಾತಾವರಣದ ವಿದ್ಯುತ್ ಪದರವಾದ ಅಯಾನುಗೋಳಕ್ಕೆ ಬಡಿದು ಮರಳಿದ ಅಲೆ ಹೀಗೆ ತೂಗಾಡುತ್ತದೆ. ಅದು ಸಾವಿರಾರು ಕಿಲೋಮೀಟರ್ ದಾಟಿಯೂ ಪಕ್ಕದ ಮನೆಯದರಂತೆ ಕೇಳಿಸಬಲ್ಲದು.

ದನಿ ಯಾವ ಕಡೆಯಿಂದ ಬರುತ್ತಿದೆಯೆಂದು ದಿಕ್ಕು ಹಿಡಿಯಲು ನಾನು ಕಲಿತದ್ದು ದಾವಣಗೆರೆಯ ಮಾಳಿಗೆ ಮೇಲೆ, ಮಟಮಟ ಮಧ್ಯಾಹ್ನ, ಟ್ರಾನ್ಸಿಸ್ಟರ್‌ನಲ್ಲಿ ಭದ್ರಾವತಿ ಆಕಾಶವಾಣಿ ಹಾಕಿಕೊಂಡು. ಸೆಟ್ ತಿರುಗಿಸುತ್ತ ಹೋದರೆ ಒಂದು ಕಡೆ ದನಿ ತಟ್ಟನೆ ಕುಗ್ಗುತ್ತದೆ. ಆಗ ಒಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿ ನಿಲ್ದಾಣದ ನೇರಕ್ಕಿರುತ್ತದೆ. ಆದರೆ ಕಡ್ಡಿಗೆ ಎರಡು ತುದಿ! ಭದ್ರಾವತಿಯೋ ಹರಪನಹಳ್ಳಿಯ ಕಡೆಯೋ? ಚಿತ್ರದುರ್ಗದಿಂದ ಇನ್ನೊಂದು ಗೆರೆ ಎಳೆದರೆ ಮಾತ್ರ ತೀರ್ಮಾನ. ರಾತ್ರಿ ಆಕಾಶದ ಅಲೆ ಬೆರೆತು ಈ ಲೆಕ್ಕವೂ ಅಳ್ಳಾಡುತ್ತದೆ.

ಈಗಿನ ಹುಡುಗರು ಕಡ್ಡಿ ತಿರುಗಿಸುವುದಿಲ್ಲ. ಇಂಟರ್ನೆಟ್‌ನಲ್ಲಿರುವ ಯಾರು ಬೇಕಾದರೂ ದೂರದಿಂದಲೇ ಕೇಳಬಹುದಾದ ಕಿವಿಎಸ್‌ಡಿಆರ್ ಎಂಬ ರಿಸೀವರ್‌ಗಳಲ್ಲಿ ಮೂರು ನಾಲ್ಕನ್ನು ಆರಿಸಿ, ಒಂದೇ ದನಿ ಯಾವುದಕ್ಕೆ ಎಷ್ಟು ತಡವಾಗಿ ಮುಟ್ಟಿತೆಂದು ಜಿಪಿಎಸ್ ಗಡಿಯಾರದಿಂದ ಅಳೆಯುತ್ತಾರೆ. ರೇಡಿಯೋ ಅಲೆ ಒಂದು ಮಿಲಿಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ಓಡುವುದರಿಂದ ಆ ವ್ಯತ್ಯಾಸ ನಕ್ಷೆಯ ಮೇಲೆ ಗೆರೆಯಾಗುತ್ತದೆ. ಮೇಲೆ ಹೋಗಿ ಕೆಳಗಿಳಿಯುವ ಅಲೆಯ ದಾರಿ ಮಾತ್ರ ನೆಲದ ದೂರಕ್ಕಿಂತ ಉದ್ದ. ಅದಕ್ಕೇ ಸಿಗುವುದು ಚುಕ್ಕಿಯಲ್ಲ, ಒಂದು ಜಿಲ್ಲೆಯಷ್ಟು ಅಗಲದ ಕಲೆ.

2011ರ ಮಾರ್ಚ್‌ನಲ್ಲಿ 6877 ಕಿಲೋಹರ್ಟ್ಸ್‌ನಲ್ಲಿ ಲಿಬಿಯಾದ ಹಡಗುಗಳಿಗೆ ಬಂದರು ಬಿಡಬೇಡಿ ಎಂಬ ಎಚ್ಚರಿಕೆ ಬರುತ್ತಿತ್ತು. ನೆದರ್‌ಲೆಂಡ್ಸ್‌ನ ಹವ್ಯಾಸಿಯೊಬ್ಬರು ಅದನ್ನು ರೆಕಾರ್ಡ್ ಮಾಡಿ ಹಂಚಿಕೊಂಡರು. ಅದು ಹಾರುತ್ತಲೇ ರೇಡಿಯೋ ಪ್ರಸಾರ ಮಾಡುವ ಅಮೆರಿಕದ ಸೇನಾ ವಿಮಾನ ಕಮಾಂಡೋ ಸೋಲೋದ್ದು. ವಿಮಾನಕ್ಕೆ ಗೋಪುರವಿಲ್ಲ, ನಿಂತ ಜಾಗವಿಲ್ಲ. ನಿಲ್ದಾಣ ತಾನೇ ಹೇಳಿಕೊಳ್ಳುವ ವಿಳಾಸವನ್ನಂತೂ ನಂಬಲೇಬಾರದು. 1971ರಲ್ಲಿ ಬಾಂಗ್ಲಾದೇಶ ವಿಮೋಚನಾ ಹೋರಾಟದ ರೇಡಿಯೋ ಸ್ವಾಧೀನ್ ಬಾಂಗ್ಲಾ ಬೇತಾರ್ ವಿಮೋಚಿತ ಪ್ರದೇಶದ ದನಿಯಂತೆ ಕೇಳಿಸುತ್ತಿತ್ತು. ಮೇ ಕೊನೆಯಿಂದ ಅದರ ಸ್ಟುಡಿಯೋ ಇದ್ದದ್ದು ಕಲ್ಕತ್ತೆಯಲ್ಲಿ.

ನಮ್ಮ ಹುಡುಗ ಮರುವಾರ ನಕ್ಷೆಯನ್ನೇ ತಂದ. ಅದರ ಮೇಲೆ ಮೂಡಿದ ಕಲೆ ಸೊಗಸಾಗಿತ್ತು. ಆದರೆ ಮೂರೂ ರಿಸೀವರ್ ಯೂರೋಪಿನವು, ಒಂದೇ ಮಗ್ಗುಲಿನವು. "ಪೂರ್ವದ್ದೊಂದು, ದಕ್ಷಿಣದ್ದೊಂದು ಸೇರಿಸು ಮಾರಾಯ" ಎಂದೆ. ಸೇರಿಸಿದ. ಕಲೆ ಎರಡು ದೇಶ ಆಚೆ ಜರುಗಿತು.